ಊಟ ಆದ ಮೇಲಿನ ಒಂದು ಗಂಟೆ

ನನ್ನ ಕೆಲಸ ಏನು ಅಂತ ಊರಲ್ಲಿ ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಉತ್ತರ ಕೊಟ್ಟಿರುತ್ತಾರೆ. "ಹೊಟ್ಟೆ ಫೋಟೋ ತೆಗೀತಾಳೆ, ಲಂಡನ್ನಲ್ಲಿ." ನಾನಿದ್ದದ್ದು ಲಂಡನ್ನಿನಲ್ಲಲ್ಲ. ತೆಗೆಯುವುದು ಫೋಟೋನೂ ಅಲ್ಲ. ಆದರೆ ಸೋಮವಾರಪೇಟೆ ಸಂತೆಯ ಗದ್ದಲದಲ್ಲಿ ನಿಂತು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೂ ಬರುವುದಿಲ್ಲ.

ಇದರಿಂದ ಒಂದು ತೊಂದರೆ ಇದೆ. ಮದುವೆ ಮನೆಗೆ ಹೋದರೆ ಯಾರೋ ನೆಂಟರು ಬ್ಯಾಗಿನಿಂದ ದೊಡ್ಡ ಕವರ್ ತೆಗೆದು, ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, "ನೋಡು ಮಗ ಸ್ವಲ್ಪ, ಇದ್ರಲ್ಲಿ ಏನುಂಟು?" ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದರೆ ನಂಬುವುದಿಲ್ಲ. ಹೆಸರಿನ ಮುಂದೆ ಡಾ. ಇದೆಯಲ್ಲ! ಸ್ಕ್ಯಾನ್ ಓದುವುದು ರೇಡಿಯಾಲಜಿಸ್ಟ್ ಕೆಲಸ. ಸ್ಕ್ಯಾನನ್ನು ಬೇರೆ ಹೇಗೆ ತೆಗೆದರೆ ಇವತ್ತು ಕಾಣದ್ದು ನಾಳೆ ಕಂಡೀತು ಎಂದು ತಲೆ ಕೆಡಿಸಿಕೊಳ್ಳುವುದು ನನ್ನ ಕೆಲಸ. ಹತ್ತಿರ ಹತ್ತಿರ 20 ವರ್ಷ ಅದನ್ನೇ ಮಾಡಿದ್ದೇನೆ. ಮೊದಲರ್ಧ ಜಠರ ಮತ್ತು ಕರುಳು, ಆಮೇಲಿನದ್ದು ರಕ್ತದೊತ್ತಡ. ಈ ಎರಡು ಬೇರೆ ಬೇರೆ ಅಂತ ಬಹಳ ಕಾಲ ನಂಬಿದ್ದೆ. ಹಾಗೆ ನಂಬಿದ್ದರಿಂದ ನಮ್ಮ ಮನೆಯಲ್ಲಿ ಒಬ್ಬರ ಕೈ ಮುರಿಯಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ನಮ್ಮದು ಕೊಡಗಿನ ಶಾಂತಳ್ಳಿ ಕಡೆ. ಅರೇಬಿಕಾ ತೋಟ, ಸ್ವಲ್ಪ ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸು. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೇಳೆ, ಒಣಗಿದೆಯೋ ಇಲ್ಲವೋ ನೋಡಲು ಅಜ್ಜಿ ಒಂದು ಬೇಳೆ ತೆಗೆದು ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಮೆತ್ತಗಿದ್ದರೆ ಇನ್ನೆರಡು ಬಿಸಿಲು. ಕಟ್ಟೆಂದರೆ ಮೂಟೆಗೆ. ಕಾಫಿ ಬೋರ್ಡಿನವರು ಯಂತ್ರ ಇಟ್ಟು ಶೇಕಡಾ 10ರ ಆಸುಪಾಸು ತೇವ ಇರಬೇಕು ಅನ್ನುತ್ತಾರೆ. ಅಜ್ಜಿಯ ಹಲ್ಲು ಅದಕ್ಕೆ ಬಹಳ ದೂರ ಇರಲಿಲ್ಲ.

ಈ ಬೇಳೆಯ ನೆನಪು ಬಂದದ್ದು ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಯಲ್ಲಿ. ಮಡಿಕೇರಿಯ ಕಾರ್ಯಪ್ಪ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ, ಭೌತಶಾಸ್ತ್ರದ ಎಂಎಸ್ಸಿಗೆ ಅಲ್ಲಿಗೆ ಹೋಗಿದ್ದೆ. ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಅಂತ ಒಂದು ಪಾಠ. ನೀರಿನ ಹೈಡ್ರೋಜನ್ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತದ ಹಾಗೆ. ದೊಡ್ಡ ಅಯಸ್ಕಾಂತದೊಳಗೆ ಇಟ್ಟರೆ ಬುಗುರಿಯಂತೆ ತಲೆ ತೂಗುತ್ತಾ ತಿರುಗುತ್ತದೆ. ಸರಿಯಾದ ಲೆಕ್ಕದ ರೇಡಿಯೋ ಅಲೆ ತಾಗಿಸಿದರೆ ವಾಲುತ್ತದೆ, ಬಿಟ್ಟರೆ ಒಂದು ಸಣ್ಣ ಸದ್ದು ಹೊರಡಿಸುತ್ತಾ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಸರಾಗ ಹರಿದಾಡುವ ನೀರು ಆ ಸದ್ದನ್ನು ಜಾಸ್ತಿ ಹೊತ್ತು ಎಳೆಯುತ್ತದೆ. ಏನಕ್ಕಾದರೂ ಅಂಟಿಕೊಂಡ ನೀರು ಬೇಗ ಸುಮ್ಮನಾಗುತ್ತದೆ. ಅಜ್ಜಿ ಹಲ್ಲಿನಲ್ಲಿ ಹುಡುಕುತ್ತಿದ್ದದ್ದೂ ಇದನ್ನೇ ಅಲ್ವಾ, ಬೇಳೆಯೊಳಗೆ ಇನ್ನೂ ಓಡಾಡುವ ನೀರು ಉಳಿದಿದೆಯಾ ಅಂತ? ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕರು, ಆದರೆ ಬೇಡ ಅನ್ನಲಿಲ್ಲ. ನನ್ನ ಎಂಎಸ್ಸಿ ಪ್ರಾಜೆಕ್ಟ್ ಒಂದು ಹಿಡಿ ಕಾಫಿ ಬೇಳೆಯ ಮೇಲೆ ಆಯಿತು.

ದೇಹದೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನ್ ನಡೆಯುವುದೂ ಅದೇ ತತ್ತ್ವದ ಮೇಲೆ. 2003ರಲ್ಲಿ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಮತ್ತು ಅಮೆರಿಕದ ಪಾಲ್ ಲಾಟರ್‌ಬರ್ ಇದಕ್ಕೆ ನೊಬೆಲ್ ಪಡೆದರು. ಪೇಪರಿನಲ್ಲಿ ಓದಿ ಕತ್ತರಿಸಿಟ್ಟುಕೊಂಡೆ. ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಸೀಟು, ಸ್ಕಾಲರ್‌ಶಿಪ್ ಎರಡೂ ಸಿಕ್ಕಿತು. ವಿಷಯ ಮೆದುಳು ಇರಬಹುದು ಎಂದುಕೊಂಡಿದ್ದೆ. ಆಗ ಎಲ್ಲರಿಗೂ ಮೆದುಳೇ ಬೇಕು. ನನಗೆ ಸಿಕ್ಕಿದ್ದು ಜಠರ. ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಅಷ್ಟು ದೂರ ಹೋಗಿ ಹೊಟ್ಟೆ ನೋಡ್ತೀಯಾ?"

ಹೋದ ಮೇಲೆ ತಿಳಿಯಿತು, ಹೊಟ್ಟೆಯೇನು ಸಣ್ಣ ಊರಲ್ಲ ಅಂತ. ಮ್ಯಾನ್ಸ್‌ಫೀಲ್ಡ್ 1978ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಇಡೀ ಮನುಷ್ಯ ಹಿಡಿಸುವ ಯಂತ್ರ ಕಟ್ಟಿದಾಗ, ಬದಲಾಗುವ ಅಯಸ್ಕಾಂತ ಕ್ಷೇತ್ರದಿಂದ ಅಪಾಯ ಇರಬಹುದು ಎಂದು ಕೆಲವರು ಎಚ್ಚರಿಸಿದ್ದರು. ಆತ ತಾನೇ ಒಳಗೆ ಹೋದ. ಆ ದಿನ ತೆಗೆದದ್ದು ಹೊಟ್ಟೆ ಭಾಗದ ಚಿತ್ರವನ್ನೇ. ನಮ್ಮ ಲ್ಯಾಬಿನಲ್ಲಿ ಯಾರಾದರೂ ಮೆದುಳಿನವರು ನಮ್ಮನ್ನು ಕೀಳಾಗಿ ನೋಡಿದರೆ ಈ ಕತೆ ಎತ್ತುತ್ತಿದ್ದೆವು.

ಅದಕ್ಕೂ ಮೊದಲಿನ ಕತೆ ಇನ್ನೂ ಚೆಂದ. 1895ರಲ್ಲಿ ಎಕ್ಸ್-ರೇ ಬಂತು. ಒಂದೆರಡು ವರ್ಷದೊಳಗೆ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿದ್ಯಾರ್ಥಿ ಬೆಕ್ಕುಗಳಿಗೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ಬಿಸ್ಮತ್ ಬೆರೆಸಿದ ಊಟ ಹಾಕಿ, ಜಠರದ ಗೋಡೆಯ ಮೇಲೆ ಅಲೆ ಓಡುವುದನ್ನು ನೋಡಿದ. ಒಂದು ವಿಚಿತ್ರವೂ ಕಂಡಿತು. ಬೆಕ್ಕು ಗಾಬರಿಯಾದರೆ, ಸಿಟ್ಟಾದರೆ ಅಲೆಗಳು ನಿಂತುಬಿಡುತ್ತಿದ್ದವು. ಸಮಾಧಾನ ಮಾಡಿದರೆ ಮತ್ತೆ ಶುರು. ಹೆದರಿದ ದೇಹ ಹೊಟ್ಟೆಗೆ ರಜೆ ಕೊಟ್ಟು ರಕ್ತವನ್ನು ಬೇರೆ ಕಡೆ ಕಳಿಸುತ್ತದೆ ಎಂಬ ಯೋಚನೆ ಅವನಲ್ಲಿ ಮುಂದೆ ಬೆಳೆಯಿತು. ಹೊಟ್ಟೆ, ರಕ್ತ ಎರಡೂ ಒಂದೇ ವಾಕ್ಯದಲ್ಲಿ! ನಾನು ಅದನ್ನು ಓದಿ ಪರೀಕ್ಷೆಗೆ ಬೇಕಾದಷ್ಟು ನೆನಪಿಟ್ಟುಕೊಂಡು ಪುಟ ತಿರುಗಿಸಿದೆ.

ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳುತ್ತೇನೆ. ಆಸ್ಪತ್ರೆಗಳಲ್ಲಿ ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡಲು ಮೊಟ್ಟೆಯಲ್ಲಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಬೆರೆಸಿ ತಿನ್ನಿಸುತ್ತಾರೆ. 6 ಗಂಟೆಯಲ್ಲಿ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಹೊರಗಿನಿಂದ ಕ್ಯಾಮೆರಾ ಎಣಿಸುತ್ತದೆ. 4 ಗಂಟೆಯ ನಂತರವೂ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಉಳಿದರೆ ಜಠರ ನಿಧಾನ ಎಂದು ಲೆಕ್ಕ. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಎಷ್ಟು ಉಳಿದಿದೆ ಎಂದು ಹೇಳುತ್ತದೆ, ಒಳಗೆ ಏನಾಗುತ್ತಿದೆ ಎಂದಲ್ಲ. ವಿಕಿರಣ ಬೇರೆ. ಎಂಆರ್‌ಐಯಲ್ಲಿ ವಿಕಿರಣ ಇಲ್ಲ, ಆರೋಗ್ಯವಂತರನ್ನೇ ಮತ್ತೆ ಮತ್ತೆ ನೋಡಬಹುದು.

ನಮ್ಮ ಯಂತ್ರ 3 ಟೆಸ್ಲಾದ್ದು. ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 60,000 ಪಟ್ಟು. ಸುರುಳಿ ತಣ್ಣಗಿರಲು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ. ಅಷ್ಟು ಶಕ್ತಿಯಲ್ಲಿ ನಮ್ಮೊಳಗಿನ ನೀರು ಸುಮಾರು 128 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಮಡಿಕೇರಿ ಆಕಾಶವಾಣಿ 103.1. ಸ್ವಲ್ಪ ಆಚೆ ತಿರುಗಿಸಿದರೆ ನಮ್ಮ ಹೊಟ್ಟೆ ಕೇಳಿಸಬೇಕಿತ್ತು ಎಂದು ಅಪ್ಪನಿಗೆ ತಮಾಷೆ ಮಾಡಿದ್ದೆ. ಅವರು ನಿಜವಾಗಿಯೂ ರೇಡಿಯೋ ಗುಂಡಿ ತಿರುಗಿಸಿ ನೋಡಿದರಂತೆ.

ಸ್ವಯಂಸೇವಕರು ರಾತ್ರಿಯಿಂದ ಉಪವಾಸ ಇದ್ದು ಬೆಳಿಗ್ಗೆ ಬರುತ್ತಾರೆ. ಖಾಲಿ ಹೊಟ್ಟೆಯ ಸ್ಕ್ಯಾನ್. ಆಮೇಲೆ ಅಳತೆ ಮಾಡಿದ ಸೂಪ್ ಅಥವಾ ಗಂಜಿ. ಮತ್ತೆ ಒಳಗೆ. "ಉಸಿರು ಬಿಡಿ, ಹಾಗೇ ಹಿಡೀರಿ." ಹದಿನೈದು ಸೆಕೆಂಡು. 20 ನಿಮಿಷಕ್ಕೊಮ್ಮೆ ಹೀಗೆ, 4 ಗಂಟೆ. ಜಠರದ ಗೋಡೆಯಲ್ಲಿ 20 ಸೆಕೆಂಡಿಗೊಂದು ಅಲೆ ಹುಟ್ಟಿ ಕೆಳಗೆ ಇಳಿಯುತ್ತದೆ. ಮೊದಲ ಸಲ ಪರದೆಯ ಮೇಲೆ ನೋಡಿದಾಗ ನನಗೆ ನೆನಪಾದದ್ದು ರಾಗಿ ಮುದ್ದೆ ತಿರುವುವ ಅಮ್ಮನ ಕೈ. ಒತ್ತುತ್ತದೆ, ಹಿಂದಕ್ಕೆ ತಳ್ಳುತ್ತದೆ, ಮತ್ತೆ ಒತ್ತುತ್ತದೆ. ಒಂದೆರಡು ಮಿಲಿಮೀಟರ್‌ನಷ್ಟು ನುಣ್ಣಗಾದದ್ದು ಮಾತ್ರ ಕೆಳಗಿನ ಬಾಗಿಲು ದಾಟುತ್ತದೆ. ಉಳಿದದ್ದು ವಾಪಸ್.

ಹೊಸ ವಿಧಾನ ಸರಿಯಿದೆಯಾ ಎಂದು ನೋಡಲು ನಮ್ಮನ್ನು ನಾವೇ ಸ್ಕ್ಯಾನ್ ಮಾಡಿಕೊಳ್ಳಲು ಒಪ್ಪಿಗೆ ಇತ್ತು. ಒಂದು ಕ್ರಿಸ್‌ಮಸ್ ವಾರ, ಎಲ್ಲರೂ ಊರಿಗೆ ಹೋಗಿದ್ದಾಗ, ಹೊಸ ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ಕ್ರಮ, ಒಂದನ್ನು ಪರೀಕ್ಷಿಸುವುದಿತ್ತು. ಸೂಪ್ ಕುಡಿದು ಕುಡಿದು ಬೇಸರ ಬಂದಿತ್ತು. ವಿರಾಜಪೇಟೆ ಕಡೆಯ ಒಬ್ಬಳು ಗೆಳತಿ ಪಕ್ಕದ ಊರಲ್ಲಿದ್ದಳು. ಅವಳು ಡಬ್ಬಿಯಲ್ಲಿ ಕಡಂಬಿಟ್ಟು (ಅಕ್ಕಿ ತರಿಯ ಉಂಡೆ ಕಡುಬು), ಪಂದಿ ಕರಿ (ಹಂದಿ ಸಾರು) ತಂದಳು, ಕಾಚಂಪುಳಿಯ ಹುಳಿ ಹಾಕಿದ್ದು. ತಿಂದು ಒಳಗೆ ಮಲಗಿದೆ. ಪರದೆಯಲ್ಲಿ ಕಡಂಬಿಟ್ಟಿನ ತುಂಡುಗಳು ಹೊಳೆಯೊಳಗಿನ ಕಲ್ಲುಗಳ ಹಾಗೆ ಕಪ್ಪಗೆ ಕೂತಿದ್ದವು. ಕೊಬ್ಬು ಮೇಲೆ ತೇಲಿ ಬೇರೆಯೇ ಪದರ. ಎರಡು ಗಂಟೆ ಕಳೆದರೂ ಕಲ್ಲುಗಳು ಅಲ್ಲೇ ಇದ್ದವು. ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ ಎಂದು ಪುಸ್ತಕದಲ್ಲಿ ಓದುವುದು ಬೇರೆ. ಪಂದಿ ಕರಿ ತಿಂದವರು ಸಂಜೆವರೆಗೆ ಏಕೆ ಏಳುವುದಿಲ್ಲ ಎಂದು ಕಣ್ಣಾರೆ ನೋಡುವುದು ಬೇರೆ.

ಇದೆಲ್ಲ ಹೇಳುವಾಗ ಬಹಳ ಸೊಗಸು. ನಿಜವಾದ ಕೆಲಸ ಅಷ್ಟು ಸೊಗಸಲ್ಲ. ಚಿತ್ರ ತೆಗೆದ ಮೇಲೆ ಪ್ರತಿಯೊಂದು ಸೀಳಿನಲ್ಲೂ, ಅಂದರೆ ಹೊಟ್ಟೆಯ ಒಂದೊಂದು ಪದರದ ಚಿತ್ರದಲ್ಲೂ, ಜಠರದ ಅಂಚನ್ನು ಮೌಸ್ ಹಿಡಿದು ಕೈಯಲ್ಲೇ ಗೆರೆ ಎಳೆಯಬೇಕಿತ್ತು. ಒಂದು ಸಲಕ್ಕೆ 20 ಸೀಳು, ಒಂದು ದಿನಕ್ಕೆ 13 ಸಲ, 24 ಜನ, ತಲಾ ಎರಡು ಊಟ. ಗುಣಿಸಿ ನೋಡಿ, 12,000 ದಾಟುತ್ತದೆ. ಜಠರ ಗೇರುಬೀಜದ ಆಕಾರ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅಷ್ಟರಲ್ಲಿ ಒಂದಾದರೂ ಗೇರುಬೀಜದ ಹಾಗೆ ಇರಲಿಲ್ಲ. ಗಾಳಿ ಇದ್ದ ಕಡೆ ಚಿತ್ರ ಕಪ್ಪಾಗಿ ಹರಿದುಹೋಗುತ್ತಿತ್ತು. ಉಸಿರು ಹಿಡಿಯದವರ ಚಿತ್ರ ಮಂಜು ಕವಿದ ಹಾಗೆ. ಕಣ್ಣು ಮುಚ್ಚಿದರೂ ಗೆರೆಗಳೇ. ಈಗ ಸಾಫ್ಟ್‌ವೇರ್ ನಿಮಿಷದಲ್ಲಿ ಮಾಡುತ್ತದೆ. ಹೊಸ ಹುಡುಗರನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಒಬ್ಬ ಸ್ವಯಂಸೇವಕನ ನೆನಪು ಮಾತ್ರ ಹೋಗಿಲ್ಲ. ಕೊಳವೆಯೊಳಗೆ ಹೋಗಲು ಹೆದರಿಕೆ, ಹೇಳಿಕೊಳ್ಳಲು ನಾಚಿಕೆ. ಅರ್ಧ ಗಂಟೆ ಅವನ ಜಠರದಲ್ಲಿ ಅಲೆಯೇ ಇಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡೆ. ಹೊರಗೆ ಕರೆದು, ಮಾತಾಡಿಸಿ, ಕನ್ನಡಿ ಇಟ್ಟು ಹೊರಗಿನ ಕಿಟಕಿ ಕಾಣುವ ಹಾಗೆ ಮಾಡಿದ ಮೇಲೆ ಅಲೆ ಬಂತು. ಕ್ಯಾನನ್‌ನ ಬೆಕ್ಕೇ. ಆ ದತ್ತಾಂಶ ಲೆಕ್ಕಕ್ಕೆ ಬರುವುದಿಲ್ಲ ಎಂದು ಬದಿಗಿಟ್ಟೆ. ಈಗ ಯೋಚಿಸಿದರೆ, ಬದಿಗಿಟ್ಟದ್ದರಲ್ಲೇ ಜಾಸ್ತಿ ವಿಷಯ ಇತ್ತು.

ಪಿಎಚ್‌ಡಿ ಮುಗಿದು ನಾಲ್ಕು ವರ್ಷ ಅಲ್ಲೇ ಇದ್ದೆ. ಆಮೇಲೆ ದುಡ್ಡು ನಿಂತಿತು. ಸಂಶೋಧನೆಯ ಕೆಲಸ ಎಂದರೆ ಎರಡು ವರ್ಷ, ಮೂರು ವರ್ಷದ ಕಂಟ್ರಾಕ್ಟ್. ಕಾಫಿ ಕೊಯ್ಲಿಗೆ ಬರುವವರ ಹಾಗೇ. ಒಂದು ತೋಟದಲ್ಲಿ ಮುಗಿದರೆ ಇನ್ನೊಂದು ತೋಟ. ಹೃದಯ ಮತ್ತು ರಕ್ತನಾಳದ ಗುಂಪಿನಲ್ಲಿ ಒಂದು ಜಾಗ ಖಾಲಿ ಇತ್ತು. ಹರಿಯುವ ರಕ್ತದ ವೇಗ ಅಳೆಯುವ ಎಂಆರ್‌ಐ ವಿಧಾನ ನನಗೆ ಗೊತ್ತಿತ್ತು. 2012ರಲ್ಲಿ ಸೇರಿದೆ. ಹೊಟ್ಟೆಯ ಫೈಲುಗಳನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಡ್ರಾಯರಿನಲ್ಲಿಟ್ಟೆ.

ರಕ್ತದೊತ್ತಡದ ಇತಿಹಾಸವೂ ಮಜಾ ಇದೆ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಕುದುರೆಯ ಧಮನಿಗೆ ಕೊಳವೆ ಸಿಕ್ಕಿಸಿ, ರಕ್ತ 8 ಅಡಿಗಿಂತ ಮೇಲೆ ಏರಿದ್ದನ್ನು ನೋಡಿ 1733ರಲ್ಲಿ ಪುಸ್ತಕದಲ್ಲಿ ಬರೆದ. ತೋಳಿಗೆ ಸುತ್ತುವ ಪಟ್ಟಿ 1896ರಲ್ಲಿ ಇಟಲಿಯ ರಿವಾ-ರೋಚಿ ಕೊಟ್ಟದ್ದು. ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಉಪಾಯ 1905ರಲ್ಲಿ ರಷ್ಯಾದ ಕೊರೊಟ್ಕಾಫ್‌ನದು. ನೂರು ವರ್ಷ ದಾಟಿದರೂ ಅದೇ ಪಟ್ಟಿ. ಕೋಟಿಗಟ್ಟಲೆ ಬೆಲೆಯ ಎಂಆರ್‌ಐ ಒತ್ತಡವನ್ನು ನೇರವಾಗಿ ಅಳೆಯಲಾರದು, ಇದನ್ನು ಹೇಳಿದರೆ ಜನ ನಂಬುವುದೇ ಇಲ್ಲ. ಅದು ಹರಿವನ್ನು ನೋಡುತ್ತದೆ, ನಾಳದ ಗೋಡೆ ಎಷ್ಟು ಬಿಗಿ ಎಂದು ನೋಡುತ್ತದೆ.

ಬಿಗಿ ಅಂದರೇನು ಎಂದು ಅಪ್ಪನಿಗೆ ಹೇಳಲು ಸುಲಭವಾಯಿತು. ಹೂವಿನ ಮಳೆ ಕೈಕೊಟ್ಟ ವರ್ಷ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತೇವೆ. ಕೆರೆ ಹತ್ತಿರ ಪಂಪ್ ಶುರು ಮಾಡಿದಾಗ ರಬ್ಬರ್ ಹೋಸ್ ಉಬ್ಬಿ, ಹೊಡೆತವನ್ನು ಒಳಗೇ ನುಂಗಿಕೊಳ್ಳುತ್ತದೆ. ಗಟ್ಟಿ ಪೈಪಿನಲ್ಲಿ ಅದೇ ಹೊಡೆತ ದಢಾರ್ ಎಂದು ಆ ತುದಿಯ ಜಾಯಿಂಟಿಗೆ ಬಡಿಯುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯೂ ಹಾಗೆ. ಹರೆಯದಲ್ಲಿ ನಾಡಿಯ ಅಲೆ ಅದರಲ್ಲಿ ಸೆಕೆಂಡಿಗೆ ಐದು ಮೀಟರಿನ ಆಸುಪಾಸು ಓಡುತ್ತದೆ. ವಯಸ್ಸಾಗಿ ಗೋಡೆ ಗಟ್ಟಿಯಾದರೆ ಅದರ ಎರಡು ಪಟ್ಟು. ಆ ಹೊಡೆತ ಮೂತ್ರಪಿಂಡದ, ಮೆದುಳಿನ ಸಣ್ಣ ನಾಳಗಳಿಗೆ ಹೋಗಿ ತಾಗುತ್ತದೆ. "ಹಂಗಾರೆ ನಂದು ಹಳೇ ಪೈಪು" ಎಂದರು ಅಪ್ಪ. ಅವರಿಗೆ ಆಗಲೇ ಬಿ.ಪಿ. ಮಾತ್ರೆ ಶುರುವಾಗಿ ಆರು ವರ್ಷ, ಶುಗರಿಗೆ ಹತ್ತು ವರ್ಷ.

2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ಮೂರು ದಿನ ಮನೆಗೆ ಫೋನ್ ಸಿಗಲಿಲ್ಲ. ನಮ್ಮ ತೋಟಕ್ಕೆ ದೊಡ್ಡದೇನೂ ಆಗಲಿಲ್ಲ. ಆ ಗಾಬರಿಯಲ್ಲಿ, ಫೋನ್ ಸಿಕ್ಕಿದ ಮೇಲೆ ಅಮ್ಮ ನಡುವೆ ಹೇಳಿದ ಒಂದು ಮಾತು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಅಪ್ಪನಿಗೆ ಒಮ್ಮೆ ಕಣ್ಣು ಕತ್ತಲೆ ಬಂದು ಜಗಲಿಯಲ್ಲಿ ಕೂತುಬಿಟ್ಟಿದ್ದರಂತೆ.

ಮುಂದಿನ ಜನವರಿ, ಕೊಯ್ಲಿನ ಕಾಲ. ಅಪ್ಪ ಊಟ ಮುಗಿಸಿ ಕಣಕ್ಕೆ ಹೋಗಿ ಅಲ್ಲೇ ಬಿದ್ದರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಬೆಳಿಗ್ಗೆ, ತಿಂಡಿ ತಿನ್ನದೆ ಹೋಗಿದ್ದರು, ರಕ್ತ ಪರೀಕ್ಷೆಗೆ ಅಂತ. ಬಿ.ಪಿ. ಜಾಸ್ತಿ ತೋರಿಸಿತು. ಮಾತ್ರೆಯ ಡೋಸ್ ಏರಿತು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಕಂಡದ್ದಕ್ಕೆ ಔಷಧಿ ಕೊಟ್ಟರು. ಮೂರು ವಾರ ಕಳೆದು ಮತ್ತೆ ಬಿದ್ದರು. ಈ ಸಲ ಸಿಮೆಂಟಿನ ಮೇಲೆ ಕೈ ಊರಿ, ಮಣಿಕಟ್ಟು ಮುರಿಯಿತು. ನಿಶ್ಶಕ್ತಿ ಅಂದರು ಒಬ್ಬರು. ವಯಸ್ಸು ಅಂದರು ಇನ್ನೊಬ್ಬರು. ದೃಷ್ಟಿ ತೆಗೆಸಿ ಎಂದರು ದೊಡ್ಡಮ್ಮ.

ಅಮ್ಮ ಫೋನಿನಲ್ಲಿ ಹೇಳಿದಳು: "ನೋಡು, ನಂಗೆ ಒಂದು ಅನ್ಸುತ್ತೆ. ಅವ್ರು ಹಸ್ಕೊಂಡಿರುವಾಗ ಏನೂ ಆಗಲ್ಲ. ಊಟ ಮಾಡಿ ಎದ್ದ ಮೇಲೇ ಇದೆಲ್ಲ. ಎರಡು ಸಲಾನೂ ಕಡುಬು ಮಾಡಿದ ದಿನ."

ನಾನು ಆಫೀಸಿನ ಕಾರಿಡಾರಿನಲ್ಲಿ ನಿಂತಿದ್ದೆ. ಅಲ್ಲೇ ಗೋಡೆಗೆ ಒರಗಿಕೊಂಡೆ.

ಊಟದ ನಂತರ ರಕ್ತದೊತ್ತಡ ಇಳಿಯುವುದಕ್ಕೆ ವೈದ್ಯರ ಹತ್ತಿರ ಹೆಸರೇ ಇದೆ, ಪೋಸ್ಟ್‌ಪ್ರಾಂಡಿಯಲ್ ಹೈಪೊಟೆನ್ಷನ್ ಅಂತ. ಊಟ ಆಗಿ ಎರಡು ಗಂಟೆಯೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ಅದೇ. ನಾವು ಉಂಡಾಗ ಕರುಳಿಗೆ ಹೋಗುವ ದೊಡ್ಡ ಧಮನಿಯಲ್ಲಿ ರಕ್ತ ಎರಡು ಪಟ್ಟಿಗೂ ಮೀರಿ ಹರಿಯಬಹುದು. ಅಷ್ಟು ರಕ್ತ ಒಂದೇ ಕಡೆ ಹೋದರೆ ಉಳಿದ ಕಡೆ ಒತ್ತಡ ಕುಸಿಯಬೇಕಲ್ಲ? ಕುಸಿಯುವುದಿಲ್ಲ, ಏಕೆಂದರೆ ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ಕೈಕಾಲಿನ ನಾಳಗಳು ಬಿಗಿಯುತ್ತವೆ. ವಯಸ್ಸಾದವರಲ್ಲಿ, ಬಹಳ ವರ್ಷ ಶುಗರ್ ಇದ್ದವರಲ್ಲಿ, ಪಾರ್ಕಿನ್ಸನ್ಸ್ ಇದ್ದವರಲ್ಲಿ ಈ ಸಮತೋಲ ಸಡಿಲವಾಗುತ್ತದೆ. ಅಕ್ಕಿ, ಸಕ್ಕರೆಯಂಥ ಊಟ ಜಾಸ್ತಿ ಇಳಿಸುತ್ತದೆ. ಜಠರ ಬೇಗ ಖಾಲಿಯಾಗಿ ಸಕ್ಕರೆಯ ಅಂಶ ಒಮ್ಮೆಗೇ ಸಣ್ಣ ಕರುಳಿಗೆ ಇಳಿದರೆ ಇನ್ನೂ ಜಾಸ್ತಿ.

ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು 12,000 ಗೆರೆ ಎಳೆದವಳು ನಾನು. ಧಮನಿಯಲ್ಲಿ ಎಷ್ಟು ಹರಿಯುತ್ತದೆ ಎಂದು ಏಳು ವರ್ಷ ಅಳೆದವಳೂ ನಾನೇ. ಎರಡನ್ನೂ ಸೇರಿಸಿದ್ದು ಕಡುಬು ಬೇಯಿಸಿದ ಅಮ್ಮ.

ರಜೆ ಹಾಕಿ ಬಂದೆ. ಬರುವಾಗ ತೋಳಿಗೆ ಕಟ್ಟುವ ಬಿ.ಪಿ. ಮಿಷನ್ ತಂದೆ. ಬರೆದಿಡಲು ಪುಸ್ತಕ ಹುಡುಕಿದಾಗ ಅಪ್ಪ ಹಳೇ ಚೆಕ್‌ರೋಲ್ ಕೊಟ್ಟರು, ತೋಟದ ಕೆಲಸದವರ ಹಾಜರಿ ಹಾಕುವ ಪುಸ್ತಕ. ಖಾಲಿ ಪುಟಗಳಲ್ಲಿ ಗೆರೆ ಹೊಡೆದಾಗಿತ್ತು, ನನಗೆ ಅನುಕೂಲ. ಹೆಸರಿನ ಜಾಗದಲ್ಲಿ ಗಂಟೆ, ಹಾಜರಿಯ ಜಾಗದಲ್ಲಿ ಬಿ.ಪಿ. ಮೊದಲ ದಿನ ಊಟಕ್ಕೆ ಮೊದಲು 152/84. ಅನ್ನ, ಸೊಪ್ಪಿನ ಸಾರು, ಪಲ್ಯ. ಕಾಲು ಗಂಟೆಗೆ 140. ಅರ್ಧ ಗಂಟೆಗೆ 124. ಮುಕ್ಕಾಲು ಗಂಟೆಗೆ 112/62. "ಸ್ವಲ್ಪ ತೂಗಿದ ಹಾಗೆ ಆಗ್ತಿದೆ" ಎಂದರು, ಕುರ್ಚಿಯ ಕೈ ಹಿಡಿದುಕೊಂಡು. ಎರಡು ಗಂಟೆ ಕಳೆದಾಗ ಮತ್ತೆ 145. ಏಳು ದಿನ ಹೀಗೆ. ಮಧ್ಯಾಹ್ನದ ಇಳಿತ ಒಂದು ದಿನವೂ ತಪ್ಪಲಿಲ್ಲ. ರಾತ್ರಿ ಕಡಿಮೆ.

ಚೆಕ್‌ರೋಲ್ ಹಿಡಿದು ಮಡಿಕೇರಿಯಲ್ಲಿ ಇನ್ನೊಬ್ಬ ಫಿಸಿಷಿಯನ್ ಹತ್ತಿರ ಹೋದೆವು. ಆತ ಹುಡುಗ, ನನಗಿಂತ ಸಣ್ಣವರು. ಪುಸ್ತಕ ನೋಡಿ ಮೊದಲು ನಕ್ಕರು, "ಇದು ತೋಟದ ರೈಟರ್ ಬರೆದದ್ದಾ?" ಅಂತ. ಆಮೇಲೆ ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಹೃದಯ, ಮೂತ್ರಪಿಂಡ ಪರೀಕ್ಷಿಸಿದರು. ಮಲಗಿಸಿ, ನಿಲ್ಲಿಸಿ ಮತ್ತೆ ಅಳೆದರು. ಏರಿಸಿದ್ದ ಡೋಸ್ ಇಳಿಸಿದರು, ಮಾತ್ರೆಯ ಹೊತ್ತು ಬದಲಿಸಿದರು. ಒಂದೇ ಸಲ ತಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪ ಉಣ್ಣಿ, ಅನ್ನ ಕಡಿಮೆ, ಊಟಕ್ಕೆ ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯಿರಿ, ಊಟದ ನಂತರ ಒಂದು ಗಂಟೆ ಕೂತಿರಿ ಎಂದರು. ಒಣಮೀನು, ಉಪ್ಪಿನಕಾಯಿ ಬಗ್ಗೆಯೂ ಎರಡು ಮಾತು ಬಂತು. ಇವು ಅಪ್ಪನ ದೇಹ ನೋಡಿ ಅಪ್ಪನಿಗೆ ಹೇಳಿದ್ದು. ಹೃದಯದ ತೊಂದರೆ ಇದ್ದವರಿಗೆ ನೀರಿನ ಲೆಕ್ಕವೇ ಬೇರೆ. ಓದಿದವರು ಸುಮ್ನೆ ಮಾತ್ರೆ ಇಳಿಸಬೇಡಿ.

ಹೊರಗೆ ಬಂದ ಮೇಲೆ ಅಪ್ಪನ ಮುಖ ನೋಡಬೇಕಿತ್ತು. "ಮಳೆಗಾಲದಲ್ಲಿ ಒಣಮೀನಿಲ್ಲದೆ ಉಂಡರೆ ಅದು ಊಟವಾ?"

ನಾನು ವಾಪಸ್ ಹೋಗಿ ಡ್ರಾಯರಿನಿಂದ ಹಾರ್ಡ್ ಡಿಸ್ಕ್ ತೆಗೆದೆ. ಊಟ ಮತ್ತು ಒತ್ತಡ ಎರಡನ್ನೂ ಒಟ್ಟಿಗೆ ನೋಡುವ ಯೋಜನೆ ಬರೆದೆ. ಮೊದಲ ಸಲ ತಿರಸ್ಕಾರ. ಹೊಟ್ಟೆಯ ತಜ್ಞರು ಇದು ರಕ್ತದೊತ್ತಡದ ವಿಷಯ ಎಂದರು, ರಕ್ತದೊತ್ತಡದವರು ಇದು ಹೊಟ್ಟೆಯ ವಿಷಯ ಎಂದರು. ಎರಡನೇ ಸಲವೂ ಸುಮಾರು ಇದೇ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಲು ಓಡಾಡಿದವರಿಗೆ ಈ ರುಚಿ ಗೊತ್ತಿರುತ್ತದೆ. ಮೂರನೇ ಸಲ ಸಣ್ಣ ಮೊತ್ತ ಸಿಕ್ಕಿತು.

ಸಿಕ್ಕಿದ ಮೇಲೆ ಯಂತ್ರವೇ ಕೈಕೊಟ್ಟಿತು. ಕೆಟ್ಟುಹೋಗಿ ಅಲ್ಲ. ಎಂಆರ್‌ಐಯಲ್ಲಿ ಮನುಷ್ಯ ಮಲಗಿರುತ್ತಾನೆ. ಮಲಗಿದವನ ರಕ್ತ ಕಾಲಿಗೆ ಇಳಿಯುವುದಿಲ್ಲ, ತಲೆ ಸುತ್ತುವುದಿಲ್ಲ. ಬೀಳುವುದು ಎದ್ದು ನಿಂತಾಗ. ನಾನು ನೋಡಬೇಕಾದ ವಿಷಯವೇ ನನ್ನ ಯಂತ್ರದೊಳಗೆ ಹೋದ ತಕ್ಷಣ ಮಾಯ! ಜಠರದ ಅಲೆ, ಕರುಳಿನಲ್ಲಿ ಅಲ್ಲಲ್ಲಿ ಹೊಂಡದ ಹಾಗೆ ನಿಂತ ನೀರು, ಕರುಳಿನ ಧಮನಿಯಲ್ಲಿ ಏರುವ ಹರಿವು, ಎಲ್ಲ ಕಾಣುತ್ತಿತ್ತು. ಆದರೆ ಒತ್ತಡದ ಕತೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ ಹತ್ತು ನಿಮಿಷ ಸ್ಕ್ಯಾನ್, ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ, ಒಂದು ನಿಮಿಷ ನಿಲ್ಲಿಸಿ ಮತ್ತೆ ಪಟ್ಟಿ, ಮತ್ತೆ ಒಳಗೆ. ರಿವಾ-ರೋಚಿಯ ಪಟ್ಟಿ ಇಲ್ಲದಿದ್ದರೆ ನಮ್ಮ 3 ಟೆಸ್ಲಾ ಸುಮ್ಮನೆ ಕೂತಿರಬೇಕಿತ್ತು. ವಯಸ್ಸಾದವರನ್ನು ಹೀಗೆ ಎಬ್ಬಿಸಿ ಮಲಗಿಸಿ ಸುಸ್ತು ಮಾಡುತ್ತಿದ್ದೇವೆ ಎಂದು ನನಗೆ ಬೇಸರವಾಗುತ್ತಿತ್ತು. ಒಬ್ಬ ಅಜ್ಜಿ ಮಾತ್ರ, ಇಷ್ಟು ಜನ ನನ್ನ ಊಟದ ಬಗ್ಗೆ ಕಾಳಜಿ ಮಾಡಿದ್ದು ಇದೇ ಮೊದಲು ಎಂದು ನಕ್ಕರು.

ಈಗ ವರ್ಷದಲ್ಲಿ ನಾಲ್ಕು ತಿಂಗಳು ಊರಲ್ಲಿರುತ್ತೇನೆ. ಚಿತ್ರಗಳ ಲೆಕ್ಕ ಇಲ್ಲಿಂದಲೇ ಆಗುತ್ತದೆ, ಕರೆಂಟು ಮತ್ತು ನೆಟ್‌ವರ್ಕ್ ಮನಸ್ಸು ಮಾಡಿದರೆ. ಕಳೆದ ಆಟಿ 18ಕ್ಕೂ, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನಕ್ಕೂ, ಇದ್ದೆ. ಅಮ್ಮ ಮದ್ದು ಸೊಪ್ಪು ಬೇಯಿಸಿ ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದ್ದಳು. ಅಕ್ಕಿ, ಬೆಲ್ಲ, ಕಾಯಿಹಾಲು. ಅಪ್ಪನ ಚೆಕ್‌ರೋಲಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಒಂದು ಬಟ್ಟಲು ಅಂತ ಒಪ್ಪಂದವಾಗಿತ್ತು. ಮೊದಲು ನೀರು ಕುಡಿದರು, ನನಗೆ ಕಾಣುವ ಹಾಗೆ.

ಆವತ್ತು ಮಧ್ಯಾಹ್ನ ಪಕ್ಕದ ತೋಟದ ದೊಡ್ಡಪ್ಪ ಕೊಡೆ ಮಡಚುತ್ತಾ ಬಂದರು. ಎರಡು ದಿನದಿಂದ ತಲೆ ಸುತ್ತಂತೆ, ನನ್ನ ಹತ್ತಿರ ಕೇಳಿಕೊಂಡು ಹೋಗಲು ಬಂದದ್ದು. ನಾನು ಒಳಗಿನಿಂದ ಬರುವಷ್ಟರಲ್ಲಿ ಅಪ್ಪ ಅವರನ್ನು ಜಗಲಿಯಲ್ಲಿ ಕೂರಿಸಿ, ಅಂಗಿಯ ತೋಳು ಮಡಚಿ, ಪಟ್ಟಿ ಸುತ್ತಿಯಾಗಿತ್ತು. ಕನ್ನಡಕ ಮೂಗಿಗೆ ಇಳಿದಿತ್ತು. ಚೆಕ್‌ರೋಲಿನ ಹೊಸ ಪುಟ ತೆರೆದು ಪೆನ್ನು ಹಿಡಿದು ಕೇಳುತ್ತಿದ್ದರು:

"ಊಟ ಮಾಡಿ ಬಂದ್ರಾ, ಮಾಡದೇ ಬಂದ್ರಾ? ಎಷ್ಟು ಗಂಟೆಗೆ?"